ಟ್ಯಾಂಕಿನ ಹೆಸರಿಟ್ಟಾಕೆ

ಕುದೂರಿನಲ್ಲಿ ನಮ್ಮ ಪಕ್ಕದ ಮನೆಯಾಕೆ ಕುರಿ ಸಾಕುತ್ತಿದ್ದರು. ಕೊಡವಾಗಲಿ, ಬಕೆಟ್ಟಾಗಲಿ, ಕೊಳ್ಳುವ ಮೊದಲು ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು ಕೇಳಿ, "ತಡ್ಕತದೆ" ಅನ್ನುತ್ತಿದ್ದರು.

ಅವರ ಮೊದಲ ಎರಡು ಕೂಸುಗಳು ಹುಟ್ಟಿದ ತಿಂಗಳೊಳಗೇ ತೀರಿಕೊಂಡಿದ್ದವು. ಮೂರನೆಯದಕ್ಕೆ ಹೆಸರಿಡುವ ದಿನ ಅತ್ತೆ, "ತಿಪ್ಪಮ್ಮ ಅಂತ ಮಡುಗವ್ವ. ತಿಪ್ಪೆ ಅಂತ ಜವರಾಯ ತಿರುಗೂ ನೋಡಕ್ಕಿಲ್ಲ" ಅಂದರು.

ಆಕೆ ತಾರಸಿಯ ಮೇಲಿದ್ದ ಕಪ್ಪು ನೀರಿನ ಟ್ಯಾಂಕಿನತ್ತ ನೋಡಿದರು. ಅದರ ಮೈಮೇಲೆ ಟಫೀನಾ ಎಂದು ಕಂಪನಿಯ ಹೆಸರಿತ್ತು.

"ನಾನು ಮದ್ವೆಯಾಗಿ ಬಂದಾಗ್ನಿಂದ ಬಿಸ್ಲಲ್ಲೇ ಕುಂತದೆ, ಒಂದು ಬಿರುಕು ಬುಟ್ಟಿಲ್ಲ. ಅದ್ರ ಹೆಸ್ರೇ ಇರ್ಲಿ ಅತ್ತೆ."

ನೆರೆದವರೆಲ್ಲ ನಕ್ಕರು. ಆಕೆ ನಗಲಿಲ್ಲ. ತಾವೇ ಬಾಗಿ ಮಗುವಿನ ಕಿವಿಯಲ್ಲಿ ಆ ಹೆಸರನ್ನು ಹೇಳಿದರು.

ಟಫೀನಾ ಎರಡನೇ ಕ್ಲಾಸಿನಲ್ಲಿದ್ದಾಗ ಒಂದು ಸಂಜೆ ನಾನು ಅವರ ಜಗಲಿಯಲ್ಲಿ ಕೂತಿದ್ದೆ. ಹುಡುಗಿ ಸ್ಕೂಲಿನಿಂದ ಅಳುತ್ತ ಬಂದಳು.

"ಎಲ್ರೂ ಟ್ಯಾಂಕು, ಟ್ಯಾಂಕು ಅಂತ ಕೂಗ್ತಾರೆ ಕಣವ್ವ. ಬೇರೆ ಹೆಸ್ರು ಮಡುಗು."

ಆಕೆ ಮಗಳ ನೆತ್ತಿಯನ್ನು ಗೆಣ್ಣಿನಿಂದ ಮೆಲ್ಲಗೆ ತಟ್ಟಿದರು.

"ಕೂಗ್ಲಿ ಬುಡು ಮಗ. ಓ ಅನ್ನಕ್ಕೆ ನೀನಿದ್ದೀಯಲ್ಲ."