ಕಣ್ಣು ಮುಚ್ಚಿದ ಕಾಕು

ತಳೇಗಾಂವದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎದುರು ಮನೆಯಲ್ಲಿದ್ದ, ನಮಗೆಲ್ಲ ಚಿಕ್ಕಮ್ಮನಂತಿದ್ದ ಕಾಕು ಟಿವಿಯಲ್ಲಿ ಕ್ರೈಂ ಸೀರಿಯಲ್ ನೋಡುತ್ತಿದ್ದದ್ದೇ ಜಗಳವಾಡಲಿಕ್ಕೆ. ಪೊಲೀಸರ ಲ್ಯಾಬು ಗಂಟೆಯೊಳಗೆ ಕೊಲೆಗಾರನನ್ನು ಹಿಡಿದುಕೊಟ್ಟರೆ ಸಾಕು, ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದ ಕೈ ನಿಲ್ಲುತ್ತಿತ್ತು.

"ಹಂಗೆಲ್ಲಾ ಆಗೂದಿಲ್ರೀ! ನನ್ನ ಶುಗರ್ ರಿಪೋರ್ಟಿಗೇ ನಾಳೆ ಬರ್ರಿ ಅಂತಾರ."

ಸತ್ತವರ ಬಟ್ಟೆ ಹಿಡಿದು, ಕಣ್ಣು ಮುಚ್ಚಿ ಸುಳಿವು ಹೇಳುವ ದಿವ್ಯದೃಷ್ಟಿಯವಳು ಬಂದರಂತೂ ಟಿವಿಯನ್ನೇ ಆರಿಸಿಬಿಡುತ್ತಿದ್ದರು.

ಒಂದು ಸಂಜೆ ನಮ್ಮ ಅವ್ವ ಕಾಣೆಯಾದಳು. ಫೋನು, ಚಪ್ಪಲಿ ಮನೆಯಲ್ಲೇ ಇದ್ದವು. ನೆರೆಯವರೆಲ್ಲ ಸೇರಿ ಒಬ್ಬರ ಮೇಲೊಬ್ಬರು ಕೂಗಾಡುತ್ತಿದ್ದರು. ಕಾಕು ಬಂದವರೇ ಅವ್ವನ ಸೀರೆಯನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿದರು. ಮನೆ ಗಪ್ಪಾಯಿತು.

"ಗಚ್ಚಿ ಮ್ಯಾಲ ಅದಾರ, ಓಡ್ರಿ!"

ಓಡಿದೆವು. ಸಂಡಿಗೆ ತರಲು ಅವ್ವ ಬರಿಗಾಲಲ್ಲಿ ತಾರಸಿಗೆ ಹೋಗಿದ್ದಾಗ, ವಾಚ್‌ಮನ್ ನೋಡದೆ ಬಾಗಿಲಿಗೆ ಚಿಲಕ ಹಾಕಿಬಿಟ್ಟಿದ್ದ. ಸಂಡಿಗೆಯ ಮೊರ ಹಿಡಿದು ವಾಚ್‌ಮನ್‌ನನ್ನು ಬೈಯುತ್ತ ನಿಂತ ಅವಳನ್ನು ಕಂಡು ನಾನು ಮೆಟ್ಟಿಲ ಮೇಲೆ ಕುಸಿದು ಕೂತು ನಕ್ಕೆ.

"ಕಾಕು, ನಿಮಗ ಹೆಂಗ ಕಾಣಿಸ್ತು?"

"ಕಾಣಿಸೂದೇನ್ ಬಂತು ತಮ್ಮಾ. ಎಲ್ಲೋ ಬಾಗಿಲಾ ಬಡದಂಗ ಕೇಳಿಸ್ತಿತ್ತು. ಎಲ್ಲಿ ಅಂತ ತಿಳೀಬೇಕಂದ್ರ ನೀವು ಸುಮ್ಮನಾಗಬೇಕಲ್ಲ?"