ಜುಮಾಕಾದಿರ್ ಅಜ್ಜನಿಗೆ ತಪ್ಪಿದ ಸೊಂಟದ ಮೂಳೆ

"ಅಜ್ಜ ಗಡ್ಡ ಬೋಳಿಸ್ಕೊಂಡು ಬಂದಿದ್ರು ಕಣೆ, ನಂಗೇನು ಕನಸು ಬಿದ್ದಿತ್ತಾ?"

"ಗಡ್ಡ ಹೋದ್ರೆ ವಯಸ್ಸೂ ಹೋಗುತ್ತಾ?" ಅಂದ್ಲು ಸೈರಾ, ಗಂಡ ಕಪಾರ್‌ನ ಬಟ್ಟಲಿಗೆ ಚಹಾ ಬಗ್ಗಿಸ್ತಾ. "ಇಡೀ ಊರಿಗೆ ಸಂಪ್ರದಾಯ ಹೇಳ್ಕೊಡೋರು ನೀವು. ನೀವು ಕೊಟ್ಟ ಮೂಳೆ ಅಜ್ಜ ಮುಟ್ಟಲಿಲ್ಲ, ಮನೆಗೂ ಕಟ್ಕೊಂಡು ಹೋಗ್ಲಿಲ್ಲ. ತಟ್ಟೇಲೇ ಬಿಟ್ಟು ಎದ್ದು ಹೋದ್ರು ರೀ."

ಕಪಾರ್ ತನ್ನ ಬಿಳಿ ಟೋಪಿ ತೆಗೆದು ಮೊಣಕಾಲ ಮೇಲೆ ಇಟ್ಕೊಂಡ. ಇವತ್ತು ಗುರುವಾರ, ಭಾನುವಾರ ಊರ ಕೌನ್ಸಿಲ್ ಎಲೆಕ್ಷನ್ನು, ಕೆಳಗಿನ ಬೀದಿ ಪೂರ್ತಿ ಜುಮಾಕಾದಿರ್ ಅಜ್ಜನ ಮುಖ ನೋಡಿ ಓಟು ಹಾಕುತ್ತೆ, ಆ ಬೀದಿ ಕೈಕೊಟ್ರೆ ಇವನ ಮೂರನೇ ಸಲದ ಸೀಟು ಹೋದ ಹಾಗೇನೆ.

ಕಪಾರ್ ಹುಟ್ಟಿದ್ದು ತಲಾಸ್ ಬೆಟ್ಟದ ಮೇಲಿನ ಕುರಿ ಬಿಡಾರದಲ್ಲಿ, ಬೆಳೆದದ್ದು ಸರ್ಕಾರಿ ಫಾರ್ಮಿನ ಟ್ರ್ಯಾಕ್ಟರ್ ಮೇಲೆ, ಸ್ಟೀರಿಂಗ್ ಹಿಡಿಯೋದು ಕಲಿಸಿದ್ದು ಇದೇ ಜುಮಾಕಾದಿರ್ ಅಜ್ಜ. ಫಾರ್ಮು ಒಡೆದು ಎಲ್ಲರಿಗೂ ಜಮೀನು ಹಂಚಿದಾಗ ಊರೆಲ್ಲ ಹುರುಳಿಕಾಯಿ ಬೀಜ ಬಿತ್ತಿ ದುಡ್ಡು ಮಾಡ್ಕೊಳ್ತು, ಇವನೊಬ್ಬ "ನಮ್ಮಪ್ಪ ಗೋಧಿ ಬಿತ್ತಿದ್ದ" ಅಂತ ಗೋಧಿನೇ ಬಿತ್ತಿದ. ಎಲ್ಲರಿಗಿಂತ ಕೊನೆಗೆ ಹುರುಳಿಕಾಯಿಗೆ ಬಂದ, ಬಂದಿದ್ದೇ ತಡ ಅದನ್ನೂ ಸಂಪ್ರದಾಯ ಅನ್ನೋಕೆ ಶುರು ಮಾಡಿದ! ಕೌನ್ಸಿಲಲ್ಲೂ ಅದೇ ಹಟ. ಊರಲ್ಲಿ ಮದುವೆ ಹಾಲ್ ಬೇಡ, ಮದುವೆ ಮನೆ ಅಂಗಳದಲ್ಲೇ ಆಗ್ಲಿ. ಕಾಲುವೆ ಹೂಳೆತ್ತೋಕೆ ಮೆಷಿನ್ ಬೇಡ, ಮನೆಗೊಬ್ಬ ಗುದ್ದಲಿ ಹಿಡ್ಕೊಂಡು ಬರ್ಲಿ. ಜನ ಬೈತಿದ್ರು, ಆದ್ರೆ ಕಾಲುವೆಗೆ ಮೊದಲು ಇಳೀತಿದ್ದೋನೂ ಇವನೇ ಆದ್ದರಿಂದ ಓಟೂ ಹಾಕ್ತಿದ್ರು.

ಅಂಥೋನು ಮೊನ್ನೆ ಮೊಮ್ಮಗನ ಹೆಸರಿಡೋ ಔತಣದಲ್ಲಿ ಎಡವಿದ. ಕುರಿ ಬೇಯಿಸಿದ್ಮೇಲೆ ಯಾರಿಗೆ ಯಾವ ಮೂಳೆ ಅನ್ನೋದು ಮನೆ ಯಜಮಾನನ ಕೈಲಿ, ಸೊಂಟದ ಮೂಳೆ ಸಾಲಲ್ಲಿ ಎಲ್ಲರಿಗಿಂತ ಹಿರಿಯ ಗಂಡಸಿಗೆ. ಕಪಾರ್ ಅದನ್ನ ಮೇಲಿನ ಬೀದಿಯ ಎಸೆನ್ ಮುಂದೆ ಇಟ್ಟ, ಜುಮಾಕಾದಿರ್ ಅಜ್ಜನ ಮುಂದೆ ಅದಕ್ಕಿಂತ ಕೆಳಗಿನ ಮರ್ಯಾದೆಯ ಮೂಳೆ ಇಟ್ಟ.

ಇಂಥ ತಪ್ಪು ಸರಿಮಾಡ್ಕೊಳ್ಳೋ ದಾರಿಯನ್ನೂ ಅವನೇ ಹಾಕಿಟ್ಟಿದ್ದ. ಹಿಂದೆ ಬಸ್ ಡ್ರೈವರ್ ತೊಕ್ತೋಶ್ ಹೀಗೇ ಮೂಳೆ ತಪ್ಪಿಸಿದಾಗ, ಕುರಿ ಹಿಡ್ಕೊಂಡು, ಹೊದಿಸೋಕೆ ಹೊಸ ಮೇಲಂಗಿ ತಗೊಂಡು, ಹಿರಿಯರ ಬಾಗಿಲಿಗೆ ನಡ್ಕೊಂಡೇ ಹೋಗ್ಬೇಕು ಅಂತ ಹಟ ಹಿಡಿದಿದ್ದು ಇವನೇ. ಸರಿ, ಮೇಲಂಗಿ ಹೆಗಲಿಗೆ ಹಾಕಿ, ಕುರಿಗೆ ಹಗ್ಗ ಕಟ್ಟಿ ಹೊರಟ.

ಬಸ್ ಸ್ಟಾಪಲ್ಲಿ ತೊಕ್ತೋಶ್ ಕಾದೇ ಕೂತಿದ್ದ.

"ಏನ್ ಕಪಾರಣ್ಣ, ಕುರೀನೂ ಪ್ರಚಾರಕ್ಕೆ ಇಳಿಸಿದ್ಯಾ? ಅದಕ್ಕೆ ಓಟಿಲ್ವಲ್ಲ."

"ನಗು ತಮ್ಮಾ, ನಿನ್ ಸರದಿ."

"ಬಸ್ಸಲ್ಲಿ ಬಿಡ್ಲಾ? ಕುರಿಗೆ ಅರ್ಧ ಟಿಕೆಟ್ಟು."

"ನಡ್ಕೊಂಡೇ ಹೋಗ್ಬೇಕು."

"ಗೊತ್ತಣ್ಣ, ನಂಗ್ ಹೇಳ್ಕೊಟ್ಟೋನು ನೀನೇ ಅಲ್ವಾ."

ಜುಮಾಕಾದಿರ್ ಅಜ್ಜ ಅಂಗಳದಲ್ಲಿ ಹುರುಳಿಕಾಯಿ ಬೀಜ ಆರಿಸ್ತಾ ಕೂತಿದ್ರು. ಬೋಳಿಸಿದ ಗಲ್ಲದ ಮೇಲೆ ಪಟ್ಟಣದ ಆಸ್ಪತ್ರೇಲಿ ಹಾಕಿದ ಹೊಲಿಗೆ ಇನ್ನೂ ಕೆಂಪಗಿತ್ತು. ಕಪಾರ್ ಎದೆ ಮೇಲೆ ಕೈಯಿಟ್ಟು ಬಗ್ಗಿದ.

"ತಪ್ಪಾಯ್ತು ಅಜ್ಜ. ಗಡ್ಡ ಇರ್ಲಿಲ್ವಲ್ಲ, ಅದಕ್ಕೇ..."

"ನಂಗೆಷ್ಟು ವಯಸ್ಸು ಮಗಾ?"

"ಎಂಬತ್ತೆರಡು."

"ಎಸೆನ್‌ಗೆ?"

ಕಪಾರ್ ಕುರಿ ಹಗ್ಗ ಕೈಗೆ ಸುತ್ಕೊಂಡ. "ಎಪ್ಪತ್ತೊಂಬತ್ತು."

"ಹಾಗಾದ್ರೆ ಗೊತ್ತಿತ್ತು."

ಸುಳ್ಳು ಹೇಳ್ಬಹುದಿತ್ತು. ಆದ್ರೆ ಈ ಮನುಷ್ಯನ ಪಕ್ಕ ಟ್ರ್ಯಾಕ್ಟರಲ್ಲಿ ಕೂತು ಬೈಸಿಕೊಂಡು ಬೆಳೆದೋನು, ಬಾಯಿ ಬರ್ಲಿಲ್ಲ.

"ಎಸೆನ್ ಕಡೆ ಮನೆಗಳು ಜಾಸ್ತಿ ಅಜ್ಜ. ಅವರು ಈ ಸಲ ನನ್ನ ಎದುರಾಳಿ ಕಡೆ ವಾಲಿದ್ರು. ನೀವು ನಮ್ಮೋರು, ಸಹಿಸ್ಕೋತೀರ ಅಂದ್ಕೊಂಡೆ."

ಅಜ್ಜ ಒಂದು ಹುಳುಕು ಬೀಜ ಆಚೆ ಎಸೆದ್ರು. "ಕುರಿ, ಮೇಲಂಗಿ ಎರಡೂ ವಾಪಸ್ ತಗೊಂಡು ಹೋಗು."

"ಕಮ್ಮಿ ಆಯ್ತಾ?"

"ಕುರಿ ಚೆನ್ನಾಗಿದೆ, ದಿನ ಚೆನ್ನಾಗಿಲ್ಲ. ಇವತ್ತು ಇಸ್ಕೊಂಡ್ರೆ ಓಟಿನ ಕುರಿ ತಿಂದ ಅಂತಾರೆ ನನ್ನ. ಎಲೆಕ್ಷನ್ ಮುಗಿಸ್ಕೊಂಡು ಮುಂದಿನ ವಾರ ಬಾ."

"ಭಾನುವಾರ ನಿಮ್ ಬೀದಿಯೋರು..."

"ಹಾಕಿ ಅಂತಾನೂ ಹೇಳಲ್ಲ, ಬೇಡ ಅಂತಾನೂ ಹೇಳಲ್ಲ. ಚಹಾ ಕುಡ್ಕೊಂಡು ಹೋಗು."

ಅಜ್ಜ ಬಾಯಿ ಬಿಡದಿದ್ರೆ ಬೀದಿ ಅರ್ಧಕ್ಕರ್ಧ ಒಡೆಯುತ್ತೆ, ಅದು ಕಪಾರ್‌ಗೆ ಚೆನ್ನಾಗಿ ಗೊತ್ತಿತ್ತು. ಚಹಾ ಕುಡಿದ. ಬಂದ ದಾರೀಲೇ, ತೊಕ್ತೋಶ್ ಮುಂದೇನೇ, ಕುರಿ ಹೊಡ್ಕೊಂಡು ವಾಪಸ್ ಬಂದ.

ಸೈರಾ ಗೇಟಲ್ಲೇ ನಿಂತಿದ್ಲು. "ತಗೊಳ್ಲಿಲ್ವಾ?"

"ಶುಕ್ರವಾರ ಹೋಗೋಣ, ಮುಂದಿನ ವಾರ. ನೀನೂ ಬಾ, ಒಂದಿಷ್ಟು ರೊಟ್ಟಿ ಎಣ್ಣೇಲಿ ಕರಿದು ತಗೋ."

"ಸೋತ್ರೆ?"

"ಸೋತ್ರೂ ಶುಕ್ರವಾರಾನೇ," ಅಂದು ಕಪಾರ್ ಕುರೀನ ದೊಡ್ಡಿಗೆ ಬಿಟ್ಟು, ಅದಕ್ಕೆ ಒಂದು ಹಿಡಿ ಹುಲ್ಲು ಹಾಕಿದ.