ತಮ್ಮನ ವಾರದ ಪಟ್ಟಿ

ಗೋಡೆಗೆ ಕಾಗದ ಅಂಟಿಸಬೇಕು, ಗೋಂದು ಇದೆಯಾ ಎಂದು ಸುಧಾ ಕೇಳಿದಳು. ನಾನು ಹೆಚ್ಚು ಯೋಚಿಸದೆ ಒಲೆಯ ಮೇಲೆ ರಾಗಿ ಹಿಟ್ಟು ಕದಡಿಟ್ಟೆ. ನಮ್ಮ ಕಾಲದಲ್ಲಿ ಗೋಂದು ಎಂದರೆ ಅದೇ. ಒಂದು ಹಿಡಿ ಹಿಟ್ಟು, ಎರಡು ಲೋಟ ನೀರು. ಕೈಬಿಡದೆ ತಿರುವಿದರೆ ಹೊಳಪು ಬರುತ್ತದೆ. ಹೊಳಪು ಬರುವ ಹೊತ್ತಿಗೆ ಒಂದು ವಾಸನೆ ಏಳುತ್ತದೆ. ಆ ವಾಸನೆ ಮೂಗಿಗೆ ಬಡಿದದ್ದೇ ನನ್ನ ಕೈ ನಿಂತುಹೋಯಿತು.

"ಅಜ್ಜೀ, ತಳ ಹಿಡೀತು ನೋಡು!" ಎಂದು ಸುಧಾ ಕೂಗಿದಳು.

ಸುಧಾ ನನ್ನ ತಮ್ಮ ನಂಜನ ಮೊಮ್ಮಗಳು. ದೊಡ್ಡಬಳ್ಳಾಪುರದ ಅವರ ಮನೆಯಲ್ಲಿ ಮಗ್ಗದ ಸದ್ದಿಗೆ ಓದಲಾಗುವುದಿಲ್ಲ ಎಂದು, ಪರೀಕ್ಷೆಗೆ ಮುಂಚೆ ಹತ್ತು ದಿನ ಸೂಲಿಬೆಲೆ ಕಡೆಯ ನಮ್ಮ ಹಳ್ಳಿಗೆ ಬಂದಿದ್ದಾಳೆ. ಅವಳ ಕೈಯಲ್ಲಿದ್ದದ್ದು ಏಳು ಸಾಲಿನ ಒಂದು ಕಾಗದ. ಯಾವ ದಿನ ಯಾವ ಪಾಠ ಎಂದು ಬಣ್ಣದ ಪೆನ್ಸಿಲಿನಲ್ಲಿ ಬರೆದಿದ್ದಳು. ನಾನು ಕನ್ನಡಕ ಹಾಕಿಕೊಂಡು ಮೊದಲು ಹುಡುಕಿದ್ದು ಮಂಗಳವಾರವನ್ನು. ಅಲ್ಲಿ 'ಲೆಕ್ಕ' ಎಂದಿತ್ತು.

ನಾನು ಓದಿದ್ದು ಮೂರನೆಯ ಕ್ಲಾಸಿನವರೆಗೆ. ಇವತ್ತಿಗೂ ಪೇಪರು ಓದುವಾಗ ನನ್ನ ತುಟಿ ಅಲ್ಲಾಡುತ್ತದೆ, ಒತ್ತಕ್ಷರ ಬಂದಲ್ಲಿ ಎತ್ತು ಕಾಲುವೆ ಕಂಡ ಹಾಗೆ ನಿಲ್ಲುತ್ತೇನೆ. ಇಂಥವಳಿಗೆ ಬರೆಯುವ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. ಅದನ್ನೇ ಹೇಳಲು ಹೊರಟಿದ್ದೇನೆ. ದಾರಿ ಸ್ವಲ್ಪ ಸುತ್ತು, ಜೊತೆಗೆ ಬನ್ನಿ.

ನಮ್ಮ ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಿದ್ದರು. ಆಗ ಯುದ್ಧದ ಕಾಲ. ಆಕಾಶದಿಂದ ಸಿಪಾಯಿಗಳು ಕೊಡೆ ಹಿಡಿದು ಇಳಿಯುತ್ತಾರಂತೆ, ಆ ಕೊಡೆಗೆ ರೇಷ್ಮೆ ಬೇಕಂತೆ ಎಂದು ಊರಿನಲ್ಲಿ ಮಾತು. ಇದ್ದಬದ್ದ ಹೊಲಕ್ಕೆಲ್ಲ ಜನ ಹಿಪ್ಪುನೇರಳೆ ಹಾಕಿದರು. ನಮ್ಮ ನಡುಮನೆಯಲ್ಲಿ ಬಿದಿರಿನ ತಟ್ಟೆಗಳು ಅಟ್ಟಣೆ ತುಂಬ ಏರಿದವು, ನಾವು ಮಲಗುವುದಕ್ಕೆ ಜಗಲಿಗೆ ಬಂದೆವು. ಹುಳ ಸೊಪ್ಪು ತಿನ್ನುವ ಸದ್ದನ್ನು ನೀವು ಕೇಳಿದ್ದೀರೋ ಇಲ್ಲವೋ. ಹೆಂಚಿನ ಮೇಲೆ ಸಣ್ಣ ಮಳೆ ಬಿದ್ದ ಹಾಗೆ, ಬಿಡುವೇ ಇಲ್ಲ. ನನ್ನನ್ನು ಸ್ಕೂಲು ಬಿಡಿಸಿದ್ದು ಆ ಸದ್ದೇ. ಸೊಪ್ಪು ಹೆಚ್ಚಲು ಒಂದು ಕೈ ಬೇಕಾಗಿತ್ತು, ಮನೆಯಲ್ಲಿ ಖಾಲಿ ಇದ್ದ ಕೈ ನನ್ನದು. ಯಾರೂ ಬಯ್ಯಲಿಲ್ಲ, ಹೊಡೆಯಲಿಲ್ಲ. ಒಂದು ದಿನ ಹೋಗಲಿಲ್ಲ, ಮಾರನೆಯ ದಿನವೂ ಹೋಗಲಿಲ್ಲ, ಅಷ್ಟೆ.

ನಂಜ ನನಗಿಂತ ಮೂರು ವರ್ಷ ಚಿಕ್ಕವನು. ಅವನು ದಿನಾ ಸೂಲಿಬೆಲೆಗೆ ನಡೆದು ಹೋಗಿ ಮಿಡ್ಲಿಸ್ಕೂಲು ಓದುತ್ತಿದ್ದ. ಕೊನೆಯ ವರ್ಷ ದೊಡ್ಡ ಪರೀಕ್ಷೆ. ಅದರಲ್ಲಿ ಪಾಸಾದರೆ ಮುಂದೆ ಹೈಸ್ಕೂಲು, ಇಲ್ಲವೇ ಎಲ್ಲಾದರೂ ಗುಮಾಸ್ತಿಕೆ, ಮೇಷ್ಟರಿಕೆ. ಅಪ್ಪ ಮೊದಲೇ ಹೇಳಿದ್ದರು: "ಒಂದು ಸಲ ಪರೀಕ್ಷೆ ಕಟ್ಟಿಸ್ತೀನಿ ಕಣ್ಲಾ. ಹೋದ್ರೆ ಹೋಯ್ತು, ಎರಡನೇ ಸಲ ಕೇಳ್ಬ್ಯಾಡ."

ಆ ವರ್ಷ ಮೇಷ್ಟ್ರು ಎಲ್ಲ ಹುಡುಗರಿಗೂ ವಾರದ ಪಟ್ಟಿ ಹಾಕಿಕೊಳ್ಳಲು ಹೇಳಿದರಂತೆ. ಬಲ್ಲ ಪಾಠಕ್ಕೆ ಒಂದು ದಿನ, ಬಾರದ ಪಾಠಕ್ಕೆ ಮೂರು ದಿನ ಎನ್ನುವುದು ಅವರ ಸೂತ್ರ. ಯುದ್ಧ ಮುಗಿದಿದ್ದರೂ ಕಾಗದದ ಬರ ಇನ್ನೂ ತೀರಿರಲಿಲ್ಲ. ನಂಜ ಹಳೆಯ ಕ್ಯಾಲೆಂಡರಿನ ಒಂದು ಹಾಳೆಯ ಬೆನ್ನಿನ ಮೇಲೆ, ಬಳೆ ಚೂರಿನ ಅಂಚು ಹಿಡಿದು ಗೆರೆ ಎಳೆಯಲು ಹೋಗಿ, ಗೆರೆ ಬಿಲ್ಲಿನ ಹಾಗೆ ಬಾಗಿ, ಆಮೇಲೆ ನನ್ನ ಸೊಪ್ಪಿನ ಕತ್ತಿಯನ್ನೇ ಅಡ್ಡಪಟ್ಟಿ ಮಾಡಿಕೊಂಡ. ಸೋಮವಾರ ಇಂಗ್ಲಿಷು. ಮಂಗಳವಾರ, ಗುರುವಾರ, ಶನಿವಾರ ಲೆಕ್ಕ. ಬುಧವಾರ ಚರಿತ್ರೆ, ಕನ್ನಡ. ಶುಕ್ರವಾರ ಭೂಗೋಳ, ವಿಜ್ಞಾನ. ರಾಗಿ ಅಂಟು ಕಾಯಿಸಿಕೊಟ್ಟವಳು ನಾನು. ಅಂಟಿಸಿದ ಮೇಲೆ ಒಂದೊಂದೇ ಸಾಲನ್ನು ಬೆರಳಿಟ್ಟು ಓದಿದೆ. ಭಾನುವಾರದಲ್ಲಿ ಒಂದೇ ಮಾತು ಇತ್ತು: 'ಅಕ್ಕ'.

"ಇದೇನ್ಲಾ, ನಾನೂ ಒಂದು ಪಾಠನಾ?" ಎಂದೆ.

"ಭಾನುವಾರ ನಿಂಗೆ ಓದಿ ಹೇಳ್ತೀನಿ ಕಣಕ್ಕ, ನೀನು ಕೇಳಿದ್ದು. ಮಿಕ್ಕ ದಿನ ನನ್ನ ಮಾತಾಡಿಸ್ಬ್ಯಾಡ, ಆಯ್ತಾ?"

ಆಯ್ತು ಎಂದೆ. ಆದರೆ ಎರಡು ಭಾನುವಾರ ಕಳೆಯುವುದರೊಳಗೆ ನನಗೆ ಅದು ಸಾಲದಾಯಿತು.

ನಂಜ ಚರಿತ್ರೆ ಹೇಳಿದರೆ ಕೇಳಬೇಕು. ಆವತಿಗೆ ಬಂಡಿ ಕಟ್ಟಿಕೊಂಡು ಬಂದು ನೆಲೆಸಿ, ಮುಂದೆ ಕೋಟೆ ಕಟ್ಟಿಸಿದ ಗೌಡರ ಕತೆಯನ್ನು ಅವನು ಹೇಳುವಾಗ ಎತ್ತುಗಳ ಗಂಟೆ ನನಗೆ ಕೇಳಿಸುತ್ತಿತ್ತು. ಸೋದರತ್ತೆಯ ಊರು ಆವತಿಯ ಪಕ್ಕದ್ದೇ, ಹತ್ತು ಸಲ ಹೋಗಿದ್ದೆ, ಅಲ್ಲಿನ ಬಂಡೆಗಳನ್ನು ಬಂಡೆಗಳು ಎಂದಷ್ಟೇ ನೋಡಿದ್ದೆ. ಅವನು ಹೇಳಿದ ಮೇಲೆ ಅವೂ ಜೀವ ಬಂದು ಕೂತವು. ಅವನು ಉಸಿರು ತಿರುಗಿಸಲು ನಿಂತರೆ ನಾನು "ಆಮೇಲೆ?" ಎನ್ನುತ್ತಿದ್ದೆ. ಲೆಕ್ಕದ ದಿನ ಹಾಗಲ್ಲ. ಸ್ಲೇಟು ತೊಡೆಯ ಮೇಲಿಟ್ಟುಕೊಂಡು ಬಾಯಿ ಬಿಗಿದು ಕೂತನೆಂದರೆ ಸಂಜೆಯೆಲ್ಲ ಮೌನ. ನಾನು, ಕತ್ತಿ, ಸೊಪ್ಪು, ಆ ಹುಳದ ಸದ್ದು. ವಾರದಲ್ಲಿ ಮೂರು ಸಂಜೆ ಅವನು ಎಲ್ಲಿಗೋ ಹೋಗಿ ಬಾಗಿಲು ಹಾಕಿಕೊಂಡ ಹಾಗೆ ಅನ್ನಿಸುತ್ತಿತ್ತು. ಆ ಬಾಗಿಲಿನೊಳಗೆ ನನಗೂ ಒಂದು ಜಾಗ ಇರಬೇಕಿತ್ತಲ್ಲ ಎಂಬ ಉರಿಯೂ ಇತ್ತೆಂದು ಈಗ ಒಪ್ಪುತ್ತೇನೆ. ಆಗ ಅದಕ್ಕೆ ಹೆಸರು ಗೊತ್ತಿರಲಿಲ್ಲ.

ಒಂದು ಮಂಗಳವಾರ, "ನಂಜಾ, ಸೊಪ್ಪಿಗೆ ಒಂದು ಕೈ ಹಾಕು ಬಾರೋ," ಎಂದು ಕರೆದೆ.

"ಇವತ್ತು ಮಂಗಳವಾರ ಕಣಕ್ಕ."

"ಮಂಗಳವಾರ ಅಂತ ಹುಳಕ್ಕೆ ಗೊತ್ತಾ?"

ಅವ್ವ ಒಳಗಿನಿಂದಲೇ, "ನಾನು ಬತ್ತೀನಿ ಬಿಡೇ, ಹುಡ್ಗ ಓದ್ಕಳ್ಳಿ," ಎಂದರು. "ನಿನ್ನ ಸೊಂಟ ನೋವು ನೀನು ನೋಡ್ಕೊ, ಸುಮ್ಕೆ ಮಲಕ್ಕೋ," ಎಂದು ನಾನೇ ತಡೆದೆ. ಅವ್ವ ಎಂಥಾ ಒಳ್ಳೆ ಮಗಳು ಎಂದುಕೊಂಡಿರಬೇಕು. ನಂಜ ಸ್ಲೇಟು ಇಟ್ಟು ಬಂದ. ಕೈಗೆ ಸೊಪ್ಪು ಬಂದರೆ ಲೆಕ್ಕ ಮಾಡಲಾಗುವುದಿಲ್ಲ, ಆದರೆ ಬಾಯಿ ಖಾಲಿ ಇರುತ್ತದೆ. "ಅವತ್ತು ಆ ಕೋಟೆ ಕತೆ ಎಲ್ಲಿಗೆ ನಿಲ್ಲಿಸ್ದೆ?" ಎಂದೆ. ಅವನು ನಕ್ಕು, "ನಿನ್ನ ಮಸಲತ್ತು ಗೊತ್ತಾಯ್ತು ಬಿಡು," ಎಂದು ಶುರು ಮಾಡಿದ.

ಆಮೇಲೆ ಗುರುವಾರ. ಆಮೇಲೆ ಶನಿವಾರ. ಹುಳ ಪೊರೆ ಬಿಡುವಾಗ ಒಂದೊಂದು ದಿನ ಸೊಪ್ಪು ಮುಟ್ಟದೆ ತಲೆಯೆತ್ತಿ ಮಲಗುತ್ತವೆ. ಅದಕ್ಕೆ ಜ್ವರ ಎನ್ನುತ್ತೇವೆ. ಆ ದಿನ ಯಾರಿಗೂ ಕೆಲಸವಿಲ್ಲ. ಆಗಲೂ ನಾನು ತಟ್ಟೆ ತೊಳೆಯಬೇಕು, ಕಸ ಬಳಿಯಬೇಕು ಎಂದು ಏನಾದರೂ ಹುಡುಕಿ ಅವನನ್ನು ಕರೆಯುತ್ತಿದ್ದೆ. ಅವನು ಒಂದೊಂದು ಸಲ ಗೋಡೆಯ ಕಡೆ ನೋಡಿ ಬರುತ್ತಿದ್ದ. ಅಕ್ಕ ಕರೆದರೆ ಬರುವುದಿಲ್ಲ ಎನ್ನುವ ಹುಡುಗ ಅವನಾಗಿರಲಿಲ್ಲ. ಆಗಿದ್ದರೆ ಚೆನ್ನಾಗಿತ್ತು.

ಪರೀಕ್ಷೆಯ ಫಲಿತಾಂಶ ಕೇಳಲು ಅಪ್ಪ ಅವನ ಜೊತೆ ಸೂಲಿಬೆಲೆಗೆ ಹೋದರು. ಮಧ್ಯಾಹ್ನ ತಿರುಗಿ ಬಂದಾಗ ಇಬ್ಬರ ನಡುವೆ ಒಂದು ಮಾರು ದೂರ ಇತ್ತು. ಉಳಿದ ಪಾಠಗಳೆಲ್ಲ ಬಂದಿದ್ದವು. ಚರಿತ್ರೆಯಲ್ಲಂತೂ ಕ್ಲಾಸಿಗೇ ಮೊದಲು. ಲೆಕ್ಕದಲ್ಲಿ ಹೋಗಿತ್ತು.

"ದಿನಾ ಸಂಜೆ ಮನೇಲೇ ಇದ್ದಲ್ಲೋ, ಏನ್ಲಾ ಮಾಡ್ತಿದ್ದೆ?" ಎಂದರು ಅಪ್ಪ.

"ನನ್ನ ತಲೆಗೆ ಹತ್ಲಿಲ್ಲ ಅಪ್ಪಾ."

"ಅಷ್ಟೇನಾ?"

"ಅಷ್ಟೇ."

ನಾನು ಬಾಗಿಲ ಹತ್ತಿರ ಸೊಪ್ಪಿನ ಮಂಕರಿ ಹಿಡಿದು ನಿಂತಿದ್ದೆ. ನಂಜ ನನ್ನ ಕಡೆ ನೋಡಲಿಲ್ಲ. ನೋಡದೇ ಇದ್ದದ್ದರಿಂದಲೇ ಅವನಿಗೆ ಎಲ್ಲ ಗೊತ್ತು ಎಂದು ನನಗೆ ಗೊತ್ತಾಯಿತು. "ನಾನೇ ಕರೀತಿದ್ದೆ ಅಪ್ಪಾ" ಎಂದಿದ್ದರೆ ಮುಗಿಯುತ್ತಿತ್ತು. ಎರಡು ಏಟು ಬೀಳುತ್ತಿತ್ತೇನೋ, ಅವನಿಗೆ ಇನ್ನೊಂದು ವರ್ಷ ಸಿಗುತ್ತಿತ್ತೇನೋ. ನಾನು ಮಂಕರಿ ಎತ್ತಿಕೊಂಡು ಒಳಗೆ ಹೋದೆ.

ಅಪ್ಪ ಪಟ್ಟಿಯನ್ನು ಗೋಡೆಯಿಂದ ಕಿತ್ತರು. ನನ್ನ ಅಂಟು ಗಟ್ಟಿ. ಭಾನುವಾರದ ಮೂಲೆ ಬರದೆ ಅಲ್ಲೇ ಉಳಿಯಿತು. ಯುಗಾದಿಗೆ ಸುಣ್ಣ ಬಳಿಯುವವರೆಗೂ ಆ 'ಅಕ್ಕ' ಗೋಡೆಯ ಮೇಲಿತ್ತು. ಸುಣ್ಣ ಬಳಿದವಳೂ ನಾನೇ.

ಅಷ್ಟು ಹೊತ್ತಿಗೆ ನಂಜ ಮನೆಯಲ್ಲಿರಲಿಲ್ಲ. ಸೋದರಮಾವ ಅವನನ್ನು ದೊಡ್ಡಬಳ್ಳಾಪುರದ ಮಗ್ಗಕ್ಕೆ ಸೇರಿಸಿದ್ದರು. ಹೊರಡುವ ದಿನ ಅವನು ಚರಿತ್ರೆಯ ಪುಸ್ತಕವನ್ನು ತಂದು ನನ್ನ ಮಡಿಲಿಗೆ ಹಾಕಿದ. "ಇನ್ಮೇಲೆ ನೀನೇ ಓದ್ಕೋ ಅಕ್ಕ. ಬರ್ತೀನಿ." ಮಾತಿನಲ್ಲಿ ಕೊಂಕು ಇರಲಿಲ್ಲ. ಎಷ್ಟು ಸಲ ನೆನೆದು ನೋಡಿದ್ದೇನೆ, ಇರಲಿಲ್ಲ. ಆ ಪುಸ್ತಕದಲ್ಲೇ ನಾನು ಅಕ್ಷರ ಕೂಡಿಸಿ ಕೂಡಿಸಿ ಉದ್ದ ಸಾಲು ಓದಲು ಕಲಿತದ್ದು. ಇವತ್ತು ಈ ನಾಲ್ಕು ಸಾಲು ಬರೆಯುತ್ತಿದ್ದೇನಲ್ಲ, ಇದು ಅವನ ಮಂಗಳವಾರಗಳಲ್ಲಿ ನಾನು ಕದ್ದ ವಿದ್ಯೆ.

ಮಗ್ಗದ ಸದ್ದು ಅವನ ಕಿವಿಯನ್ನು ಸ್ವಲ್ಪ ಸ್ವಲ್ಪವಾಗಿ ತೆಗೆದುಕೊಂಡಿತು. ನನ್ನ ದೊಡ್ಡ ಮಗಳ ಮದುವೆಗೆ ಬಂದಾಗ ಕೂಗಿ ಹೇಳಿದರೆ ಮಾತ್ರ ಕೇಳುತ್ತಿತ್ತು. ಚಪ್ಪರದ ಕಂಬಕ್ಕೆ ಒರಗಿ ಒಬ್ಬನೇ ಕೂತಿದ್ದ. ಹತ್ತಿರ ಹೋಗಿ ಕೂತು, ಬಹಳ ವರ್ಷ ಕಟ್ಟಿಟ್ಟುಕೊಂಡಿದ್ದನ್ನು ಹೇಳಿಬಿಟ್ಟೆ: "ನಂಜಾ, ನೀನು ಫೇಲಾಗಿದ್ದು ನನ್ನಿಂದ ಕಣೋ."

ಅವನು ಕಿವಿಗೆ ಕೈ ಹಿಡಿದು ಬಾಗಿದ. "ಏನಂದೆ ಅಕ್ಕ?"

ಸುತ್ತ ಬೀಗರು, ನೆಂಟರು. ಕೂಗಬೇಕಿತ್ತು. "ಊಟಕ್ಕೆ ಏಳು ಅಂದೆ!" ಎಂದು ಕೂಗಿದೆ. ಅವನು ಎದ್ದು ಊಟಕ್ಕೆ ಹೋದ.

ತಳ ಹಿಡಿದ ಅಂಟನ್ನು ಚೆಲ್ಲಿ ಬೇರೆ ಕಾಯಿಸಿದೆ. ಸುಧಾ ಪಟ್ಟಿ ಅಂಟಿಸಿದಳು. ಈ ಎಂಟು ದಿನವೂ ಅವಳು ಓದುವಾಗ ನಾನು ಆಚೆ ಮೂಲೆಯಲ್ಲಿ ಕೂತು ಇದನ್ನು ಬರೆದಿದ್ದೇನೆ. ಮಂಗಳವಾರ ಅವಳೇ ಬೇಸರ ಬಂದು, "ಅಜ್ಜೀ, ಲೆಕ್ಕ ಸಾಕು, ನಿಂಗೊಂದು ಕತೆ ಓದ್ಲಾ?" ಎಂದಳು. ಬಾಯಿಗೆ ಬಂದ ಮಾತನ್ನು ನುಂಗಿಕೊಂಡು, "ಭಾನುವಾರ ಓದುವಿಯಂತೆ, ಈಗ ಲೆಕ್ಕ ಮಾಡವ್ವ," ಎಂದೆ. ಅವಳು ಮೂತಿ ತಿರುವಿದಳು. ಸಂಜೆಯೆಲ್ಲ ಮನೆಯಲ್ಲಿ ಪೆನ್ಸಿಲಿನ ಸದ್ದು ಬಿಟ್ಟರೆ ಬೇರೆ ಇರಲಿಲ್ಲ. ಹೊತ್ತು ಕಳೆಯುವುದು ಕಷ್ಟವಾಯಿತು. ಕಳೆಯಿತು.

ನಾಳೆ ಭಾನುವಾರ. ಬೆಳಿಗ್ಗೆ ಕತೆ ಓದಿ ಹೇಳಿ ಸುಧಾ ಊರಿಗೆ ಹೊರಡುತ್ತಾಳೆ. ಈ ಹಾಳೆಗಳನ್ನು ಮಡಿಚಿ ಅವಳ ಚೀಲಕ್ಕೆ ಹಾಕುತ್ತೇನೆ, ತಾತನ ಕೈಗೇ ಕೊಡು ಎಂದು. ನಂಜನ ಕಿವಿ ಹೋಗಿದೆ, ಕಣ್ಣು ಇನ್ನೂ ಇದೆ. ನಿಮಗಿಂತ ಮೊದಲು ಅವನು ಓದಲಿ. ಓದಿ ಮುಗಿಸಿ ಏನೂ ಹೇಳಿ ಕಳಿಸದಿದ್ದರೂ ನಾನು "ಆಮೇಲೆ?" ಎಂದು ಕೇಳುವುದಿಲ್ಲ. ಲೆಕ್ಕ ಮಾಡುವಾಗ ಅವನು ಮಾತಾಡುತ್ತಿರಲಿಲ್ಲ.